ಹುಣ್ಣಿಮೆಯ ಗಡುವು

ಅಕ್ಟೋಬರ್ ಬಂತೆಂದರೆ ಚಿತ್ರ ಬರೆಯುವವರ ಬಳಗಕ್ಕೆ ಒಂದು ಜ್ವರ ಏರುತ್ತದೆ. ಅದರ ಹೆಸರು ಇಂಕ್ಟೋಬರ್. ಜೇಕ್ ಪಾರ್ಕರ್ ಎಂಬ ಅಮೆರಿಕದ ಚಿತ್ರಕಾರ 2009ರಲ್ಲಿ ತನ್ನ ಮಸಿ ಕೆಲಸ ಸುಧಾರಿಸಲಿ ಎಂದು ತನಗೆ ತಾನೇ ಹಾಕಿಕೊಂಡ ಪಣ ಅದು. ತಿಂಗಳ 31 ದಿನವೂ ದಿನಕ್ಕೊಂದು ಮಸಿ ಚಿತ್ರ. ಒಬ್ಬನ ಪಣ ಈಗ ಊರೂರಿನ ಪಣವಾಗಿದೆ. ಬೆಂಗಳೂರಿನ ನಮ್ಮ ಗುಂಪಿನವರು 2025ರಲ್ಲಿ ಅದಕ್ಕೊಂದು ಷರತ್ತು ಸೇರಿಸಿದರು: ಕೈಗೆ ಪಳಗಿದ್ದನ್ನೇ ಬರೆದು ದಿನ ತಳ್ಳುವಂತಿಲ್ಲ, ವಾರಕ್ಕೊಂದು ಹೊಸ ತಂತ್ರವನ್ನು ಪಾಠ ನೋಡಿ ಕಲಿತು ಅದರಲ್ಲೇ ಬರೆಯಬೇಕು.

ಪಾಠಗಳಿಗೇನು ಬರವೇ? ಮೊಬೈಲ್ ತೆರೆದರೆ ಸಾಲುಗಟ್ಟಿ ನಿಂತಿವೆ. ಅಕ್ಕಪಕ್ಕ ಗೆರೆ ಎಳೆದು ನೆರಳು ಕಟ್ಟುವ ಹ್ಯಾಚಿಂಗ್, ಅದರ ಮೇಲೆ ಓರೆಯಾಗಿ ಇನ್ನೊಂದು ಪದರ ಹಾಸುವ ಕ್ರಾಸ್ ಹ್ಯಾಚಿಂಗ್, ಬರೀ ಚುಕ್ಕಿಗಳಿಂದಲೇ ಕೆನ್ನೆಯ ದುಂಡು ತರುವ ಸ್ಟಿಪ್ಲಿಂಗ್, ಅರೆ ಒಣಗಿದ ಕುಂಚವನ್ನು ಒರಟು ಕಾಗದದ ಮೇಲೆ ಸವರುವ ಡ್ರೈ ಬ್ರಷ್. ಕಲಿಸುವವರು ಜಪಾನಿನವರಿರಲಿ, ಪೋಲೆಂಡಿನವರಿರಲಿ, ಕೆಲವು ಮಾತನ್ನು ತಪ್ಪದೆ ಹೇಳುತ್ತಾರೆ. ಉದ್ದ ಗೆರೆಯನ್ನು ಮಣಿಕಟ್ಟಿನಿಂದ ಎಳೆಯಬೇಡಿ, ಭುಜದಿಂದ ಎಳೆಯಿರಿ. ಕೈ ತಿರುಚಬೇಡಿ, ಕಾಗದ ತಿರುಗಿಸಿ. ಪೆನ್ನಿನ ಮೊನೆ ನೋಡಬೇಡಿ, ಗೆರೆ ಹೋಗಿ ಮುಟ್ಟಬೇಕಾದ ಜಾಗ ನೋಡಿ. ಒಳ್ಳೆಯ ಮಾತುಗಳೇ. ಆದರೆ ಈ ವಿಡಿಯೊಗಳ ಮೇಲೆ ನನ್ನದೊಂದು ತಕರಾರಿದೆ. ಅರ್ಧ ದಿನದ ಕೆಲಸವನ್ನು ನಾಲ್ಕು ನಿಮಿಷಕ್ಕೆ ಓಡಿಸಿ ತೋರಿಸುತ್ತಾರೆ, ಮಸಿ ಒಣಗುವ ಹೊತ್ತನ್ನು ಕತ್ತರಿಸಿ ಬಿಸಾಡುತ್ತಾರೆ. ಒಂದು ಪದರ ಆರುವ ಮುಂಚೆ ಇನ್ನೊಂದನ್ನು ಎಳೆದರೆ ಏನಾಗುತ್ತದೆ, ಆರಿದ ಮೇಲೆ ಎಷ್ಟು ತಿಳಿಯಾಗುತ್ತದೆ, ಎಷ್ಟು ಹೊತ್ತು ಕೈಕಟ್ಟಿ ಕೂರಬೇಕು, ಇದನ್ನು ಯಾರೂ ಹೇಳುವುದಿಲ್ಲ. ಮಸಿ ಕೆಲಸದ ಅರ್ಧ ಇರುವುದೇ ಅಲ್ಲಿ.

ಈ ಗೊಣಗಾಟವನ್ನು ಕೇಳಿಸಿಕೊಂಡ ಸಹೋದ್ಯೋಗಿಯೊಬ್ಬರು ನಕ್ಕರು. ಅವರು ಸಾಗರ ತಾಲ್ಲೂಕಿನ ದೀವರ ಸಮುದಾಯದವರು. "ನಮ್ಮ ಕಡೆ ಹೆಂಗಸರೂ ಇದೇ ತಿಂಗಳು ಗೆರೆ ಎಳೆಯೋಕೆ ಕೂರ್ತಾರೆ. ಮಹಾನವಮಿಗೆ ಶುರು, ಹುಣ್ಣಿಮೆ ಒಳಗೆ ಮುಗೀಬೇಕು. ಒಂದು ದಿನ ತಡ ಆದ್ರೂ ಅದಕ್ಕೆ ಬೆಲೆ ಇಲ್ಲ. ಬಂದು ನೋಡಿ" ಎಂದರು. ಆ ವರ್ಷ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಿದ್ದಿತ್ತು. ಭೂಮಿ ಹುಣ್ಣಿಮೆ ಅದರ ಬೆನ್ನಿಗೇ ಇತ್ತು. ಪೆನ್ನು, ಮಸಿ, ಕಾಗದ ಚೀಲಕ್ಕೆ ತುರುಕಿ ತಾಳಗುಪ್ಪದ ರಾತ್ರಿ ರೈಲು ಹತ್ತಿದೆ.

ಸಾಗರದ ನಿಲ್ದಾಣಕ್ಕೆ ಸಾಗರ ಜಂಬಗಾರು ಎಂದು ಹೆಸರು. ಬೆಳಗಿನ ಮಂಜಿನಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ತುಂಬ ಹಬ್ಬಕ್ಕೆ ಊರಿಗೆ ಬಂದವರ ಚೀಲಗಳು. ಅಲ್ಲಿಂದ ಬಸ್ಸು, ಬಸ್ಸಿಳಿದ ಮೇಲೆ ಅಡಿಕೆ ತೋಟದ ಅಂಚಿನ ಕಾಲುದಾರಿ. ಮಳೆ ಪೂರ್ತಿ ಹೋಗಿರಲಿಲ್ಲ. ಕಾಲುದಾರಿಯ ಕೊನೆಗೆ ಹೆಂಚಿನ ಮನೆ, ಜಗಲಿಯ ಮೇಲೆ ಬಿಸಿಲಿಗೆ ಬೋರಲು ಹಾಕಿದ ಎರಡು ಬುಟ್ಟಿಗಳು, ಒಂದು ದೊಡ್ಡದು, ಒಂದು ಚಿಕ್ಕದು. ಸೆಗಣಿ ಸಾರಿಸಿ, ಆರಿದ ಮೇಲೆ ಕೆಮ್ಮಣ್ಣು ಬಳಿದಿದ್ದರು. ಬಿದಿರಿನ ಹೆಣಿಗೆಯ ಸಂದೆಲ್ಲ ಮುಚ್ಚಿ ಮೈ ನುಣುಪಾಗಿತ್ತು. ಇವೇ ಭೂಮಣ್ಣಿ ಬುಟ್ಟಿಗಳು. ಹುಣ್ಣಿಮೆಯ ನಸುಕಿನಲ್ಲಿ ಗದ್ದೆಗೆ ಎಡೆ ಹೊತ್ತೊಯ್ಯುವುದು ಇವುಗಳಲ್ಲಿಯೇ.

ಮನೆಯ ಹಿರಿಯಾಕೆ ನನ್ನ ಪೆನ್ನುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಜಪಾನಿನ ಲೋಹದ ನಿಬ್ಬನ್ನು ಉಗುರಿನ ಮೇಲೆ ಒತ್ತಿ, ಸೀಳು ಬಾಯಿ ಬಿಡುವುದನ್ನು ಕಂಡು ತಲೆದೂಗಿದರು. ಆಮೇಲೆ ತಮ್ಮ ಸಲಕರಣೆ ತಂದಿಟ್ಟರು. ಪುಂಡಿ ನಾರಿನ ಎಳೆಗಳನ್ನು ಕಟ್ಟಿ, ತುದಿ ಜಜ್ಜಿ ಮಾಡಿದ ಕುಂಚ. ರಾತ್ರಿ ನೆನೆಹಾಕಿ ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿದ ಅಕ್ಕಿಯ ಬಿಳಿ. ಕಪ್ಪಗೆ ಹುರಿದ ಅಕ್ಕಿಯನ್ನು ಅರೆದು ತೆಗೆದ ಕಪ್ಪು. ಗುರಿಗೆ ಕಾಯಿಯ ಹಳದಿ. ಕೆಂಪಂತೂ ಬುಟ್ಟಿಯ ಮೈಮೇಲೇ ಇತ್ತು. ಒಂದೇ ಅಕ್ಕಿ ನೆನೆದರೆ ಬಿಳಿ, ಸುಟ್ಟರೆ ಕಪ್ಪು. ಬೆಂಗಳೂರಿನ ಅಂಗಡಿಯಲ್ಲಿ ನಾನು ಎರಡು ಬಾಟಲಿಗೆ ಕೊಟ್ಟ ದುಡ್ಡು ನೆನಪಾಗಿ ನಗು ಬಂತು. ಗುರಿಗೆಯ ಹಳದಿ ಕಂಡಾಗಲಂತೂ ರೋಮಾಂಚನವಾಯಿತು. ಅದು ಉಪ್ಪಾಗೆಯ ದಾಯಾದಿ, ಗಾರ್ಸೀನಿಯಾ ಕುಲದ ಮರ. ಜಲವರ್ಣದವರು ನೂರಾರು ವರ್ಷ ಬಳಸಿದ ಗ್ಯಾಂಬೋಜ್ ಎಂಬ ಹಳದಿಯೂ ಅದೇ ಕುಲದ ಮರಗಳ ಅಂಟಿನಿಂದ, ಕಾಂಬೋಡಿಯಾ ಕಡೆಯಿಂದ ಬರುತ್ತಿತ್ತು. ಈಗಿನ ಟ್ಯೂಬುಗಳಲ್ಲಿ ಹೆಚ್ಚಾಗಿ ಉಳಿದಿರುವುದು ಹೆಸರು ಮಾತ್ರ, ಒಳಗಿನದು ಕೃತಕ ಬಣ್ಣ. ಮಲೆನಾಡಿನ ಈ ಜಗಲಿಯಲ್ಲಿ ಅದರ ಖಾಸಾ ನೆಂಟ ತೆಂಗಿನ ಕರಟದಲ್ಲಿ ಕೂತಿತ್ತು.

ಆಕೆ ದೊಡ್ಡ ಬುಟ್ಟಿಯನ್ನು ತೊಡೆಯ ಮೇಲೆಳೆದುಕೊಂಡು ಕುಂಚ ಅದ್ದಿದರು. ಅಂಚಿಗೆ ಸಮನಾಗಿ ಮೊದಲ ಎಳೆ ಎಳೆದರು. ನಾನು ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಕೆಮ್ಮಣ್ಣು ಒಂದಿಷ್ಟು ಒದ್ದೆಯಾಗಿತ್ತು, ಅಷ್ಟೆ. ಅದರ ಕೆಳಗೆ ಎರಡನೆಯದು, ಮೂರನೆಯದು, ಎಲ್ಲವೂ ನೀರಿನ ಗೆರೆ. ಬಣ್ಣ ತೆಳುವಾಗಿದೆಯೇ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮೊದಲ ಎಳೆ ಏಳತೊಡಗಿತು. ಒಂದು ತುದಿಯಿಂದ ಮಬ್ಬು ಮಬ್ಬಾಗಿ, ಹಾಲು ಹೆಪ್ಪುಗಟ್ಟುವ ಹಾಗೆ, ನೋಡುತ್ತ ನೋಡುತ್ತ ಬಿಳಿ ಗಟ್ಟಿಯಾಯಿತು. ಅಕ್ಕಿಹಿಟ್ಟು ಹಸಿಯಿದ್ದಾಗ ಪಾರದರ್ಶಕ, ನೀರು ಆರಿದ ಮೇಲಷ್ಟೇ ಬಿಳಿ. ಅಂದರೆ ಆಕೆ ಎಳೆಯುವ ಹೊತ್ತಿಗೆ ಆ ಗೆರೆ ಆಕೆಗೇ ಕಾಣುತ್ತಿರಲಿಲ್ಲ! ಹಿಂದಿನ ಗೆರೆ ಕಣ್ಣಿಗೆ ಬೀಳುವಾಗ ಕೈ ಅದಕ್ಕಿಂತ ಮುಂದಿನ ಮೂರನ್ನು ಎಳೆದು ಮುಗಿಸಿರುತ್ತಿತ್ತು. ನಡುವಿನ ಅಂತರ ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲ.

ಕೈಯನ್ನೇ ನೋಡುತ್ತ ಕೂತೆ. ಮಣಿಕಟ್ಟು ಕದಲುತ್ತಿರಲಿಲ್ಲ. ಕಿರುಬೆರಳು ಬುಟ್ಟಿಯ ಮೈಗೆ ಆತುಕೊಂಡು ಜಾರುತ್ತಿತ್ತು, ಚಲನೆಯೆಲ್ಲ ಮೊಣಕೈಯಿಂದಾಚೆ, ಭುಜದ್ದು. ಬಳಸು ಬಂದ ಕಡೆ ಕೈ ತಿರುಗಲಿಲ್ಲ, ಎಡಗೈ ಬುಟ್ಟಿಯನ್ನು ತಿರುಗಿಸಿತು. ಕಣ್ಣು ಕುಂಚದ ತುದಿಯಲ್ಲಿರಲಿಲ್ಲ, ಗೆರೆ ತಲುಪಬೇಕಾದ ಅಂಚಿನಲ್ಲಿತ್ತು. ಪೋಲೆಂಡಿನವನ ಪಾಠ ಅಕ್ಷರಶಃ ನನ್ನೆದುರು ಕೂತಿತ್ತು, ಬಾಯಿಬಿಟ್ಟು ಒಂದು ಮಾತೂ ಹೇಳದೆ. ಬುಟ್ಟಿಯ ಸುತ್ತಳತೆಯನ್ನು ಭಾಗ ಮಾಡಲು ಸ್ಕೇಲೋ ದಾರವೋ ಬೇಡವೇ ಎಂದು ಕೇಳಿದ್ದಕ್ಕೆ, "ಎಂತಕ್ಕೆ? ಕಣ್ಣಿಲ್ವ?" ಎಂದರು. ಕೊನೆಯ ಭಾಗವೂ ಮೊದಲ ಭಾಗವೂ ಸೇರುವ ಜಾಗದಲ್ಲಿ ನಾನು ಕಳ್ಳಕಣ್ಣಿನಿಂದ ಬೆರಳಿಟ್ಟು ಅಳೆದೆ. ಸರಿಯಾಗಿಯೇ ಇತ್ತು.

ಈ ಗೆರೆಚಿತ್ರವೇ ಚಿತ್ತಾರ. ದೀವರ ಮನೆಗಳಲ್ಲಿ ಅದು ಗೋಡೆಯ ಮೇಲೂ ಇರುತ್ತದೆ. ಮದುವೆಯ ಹಸೆಗೋಡೆಯ ಚಿತ್ತಾರ ದೊಡ್ಡದು, ಚೌಕಟ್ಟಿನೊಳಗೆ ಚೌಕಟ್ಟು, ನಡುವೆ ಬಾಸಿಂಗ ತೊಟ್ಟ ಮದುಮಕ್ಕಳು. ಬುಟ್ಟಿಯ ಚಿತ್ತಾರ ಗದ್ದೆಗೆ ಸೇರಿದ್ದು. ಭತ್ತದ ಸಸಿ, ಜೋಡೆತ್ತು, ಏಣಿ, ಎಳೆಗಳ ಜಾಲ. ಆ ಜಾಲ ಕಂಡಾಗ ನನ್ನೊಳಗೊಂದು ದೀಪ ಹತ್ತಿತು. ಬಿಳಿ ಕಾಗದದ ಮೇಲೆ ಕಪ್ಪು ಗೆರೆಗಳು ಒಂದರ ಮೇಲೊಂದು ಹಾಯ್ದಷ್ಟೂ ಜಾಗ ಕತ್ತಲಾಗುತ್ತದೆ. ಕ್ರಾಸ್ ಹ್ಯಾಚಿಂಗಿನ ಮೂಲಪಾಠವೇ ಅದು. ಇಲ್ಲಿ ಕೆಂಪು ನೆಲ, ಬಿಳಿ ಗೆರೆ. ಓರೆ ಎಳೆಗಳು ಹಾಯ್ದಷ್ಟೂ ಬೆಳಕು ಹೆಚ್ಚುತ್ತದೆ. ಎಳೆ ಒತ್ತಾದ ಕಡೆ ಬುಟ್ಟಿ ಮುಂದಕ್ಕೆ ಬಂದಂತೆ, ಬಿಡಿಯಾದ ಕಡೆ ಒಳಕ್ಕೆ ಸರಿದಂತೆ. ಬಣ್ಣದ ಕಾಗದದ ಮೇಲೆ ಬಿಳಿ ಮಸಿಯಿಂದ ಬೆಳಕನ್ನು ಮಾತ್ರ ಬರೆಯಿರಿ ಎಂದು ಕಲಿಸುವ ವಿಡಿಯೊಗಳೂ ಇವೆ, ನೋಡಿದ್ದೆ, ತಲೆಗೆ ಹತ್ತಿರಲಿಲ್ಲ. ಬುಟ್ಟಿಯ ದುಂಡು ಮೈಮೇಲೆ ಬೆಳಗಿನ ಓರೆ ಬಿಸಿಲು ಬಿದ್ದಾಗ ಹತ್ತಿತು.

ನನಗೂ ಒಂದು ಹಳೆ ಮೊರ ಕೊಟ್ಟು ಕೂರಿಸಿದರು. ನಾರಿನ ಕುಂಚ ಕೂದಲಿನ ಕುಂಚದಷ್ಟು ಬಣ್ಣ ಹೀರುವುದಿಲ್ಲ. ಗೇಣುದ್ದ ಹೋಗುವಷ್ಟರಲ್ಲಿ ಬರಿದಾಗುತ್ತದೆ. ಹಾಗಾಗಿ ಗೆರೆ ಎಲ್ಲಿ ಮುರಿಯಬೇಕು, ಮತ್ತೆ ಅದ್ದಿ ಎಲ್ಲಿಂದ ಹಿಡಿಯಬೇಕು ಎನ್ನುವುದೇ ಒಂದು ವಿದ್ಯೆ. ಅವರು ಬೆಸುಗೆಯನ್ನು ಎಳೆ ಮೂಲೆ ತಿರುಗುವ ಕಡೆ ಬಚ್ಚಿಡುತ್ತಿದ್ದರು. ಹಿಟ್ಟು ಮಂದವಾದರೆ ಆರಿದ ಮೇಲೆ ಚಕ್ಕೆ ಏಳುತ್ತದೆ, ನೀರಾದರೆ ಬಿಳಿ ಏಳುವುದೇ ಇಲ್ಲ. ಹದ ನೋಡಲು ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟು, ಅದು ಬೆಳ್ಳಗಾಗುವವರೆಗೆ ಸುಮ್ಮನೆ ಕಾಯುತ್ತಿದ್ದರು. ವಿಡಿಯೊದವರು ಕತ್ತರಿಸಿ ಎಸೆದ ಹೊತ್ತು ಇದೇ.

ವಿಡಿಯೊ ಇಲ್ಲಿಗೂ ಬಂದಿದೆ, ಅದನ್ನೂ ಹೇಳಬೇಕು. ಮನೆಯ ಸೊಸೆ ಪೇಟೆಯಲ್ಲಿ ಬೆಳೆದವಳು, ತವರಿನಲ್ಲಿ ಗೆರೆ ಎಳೆಯುವ ರೂಢಿ ತಪ್ಪಿಹೋಗಿತ್ತಂತೆ. ಚಿಕ್ಕ ಬುಟ್ಟಿ ಅವಳ ಪಾಲಿನದು. ಮೊಬೈಲನ್ನು ಅಕ್ಕಿಯ ಸೇರಿಗೆ ಒರಗಿಸಿಟ್ಟು, ಯಾರೋ ಚಿತ್ತಾರ ಬರೆಯುವ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಎಳೆಯುತ್ತಿದ್ದಳು. ಅತ್ತೆ ಕೂತಲ್ಲಿಂದಲೇ ಕತ್ತು ಚಾಚಿ, "ಅವಳು ಎಳೆ ಬಿಟ್ಲು ನೋಡು, ನೀ ಬಿಡಬೇಡ" ಎಂದು ಮೊಬೈಲಿನ ಗುರುವಿನ ಲೆಕ್ಕವನ್ನು ತಿದ್ದಿದರು. ಮೂವರೂ ನಕ್ಕೆವು. ಸಂಜೆಗೆ ಪಕ್ಕದ ಮನೆಯವರು ಬಂದು ಬುಟ್ಟಿ ತಿರುಗಿಸಿ ನೋಡಿ, ತಮ್ಮದು ಇನ್ನೂ ಅರ್ಧವಾಗಿದೆ ಎಂದು ಪೇಚಾಡಿಕೊಂಡು ಹೋದರು. ಇನ್ನೊಬ್ಬರು ಗುರಿಗೆ ಕಾಯಿ ಕಡ ಕೇಳಲು ಬಂದರು. ಇಡೀ ಕೇರಿಯೇ ಒಂದು ಗಡುವಿಗೆ ಕೈ ಓಡಿಸುತ್ತಿತ್ತು. ಇವರಿಗೆ ಪಣ ಹಾಕಿದವರು ಯಾರೂ ಇಲ್ಲ. ಪಟ್ಟಿ ಇಲ್ಲ, ಬಹುಮಾನವಿಲ್ಲ. ಚಂದ್ರ ದಿನದಿನಕ್ಕೂ ದಪ್ಪಗಾಗುತ್ತಿದ್ದ.

ಹುಣ್ಣಿಮೆಯ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ಒಲೆಯ ಮೇಲೆ ಕಡುಬು ಬೇಯುತ್ತಿತ್ತು, ಒರಳಿನ ಬಳಿ ಕಾಡಿನಿಂದ ತಂದ ಬಗೆಬಗೆಯ ಸೊಪ್ಪು ಹೆಚ್ಚುತ್ತಿದ್ದರು. ನೂರೊಂದು ಬಗೆಯ ಕುಡಿ ಸೇರಬೇಕೆಂದು ವಾಡಿಕೆಯ ಮಾತು. ಎಣಿಸುವವರು ಯಾರೂ ಇರಲಿಲ್ಲ, ಹೆಸರು ಹೇಳಿ ತೋರಿಸುವ ಮುದುಕರು ಮಾತ್ರ ಇದ್ದರು. ಹೀರೆ, ಅಮಟೆ, ಬೆರಕೆ ಸೊಪ್ಪು, ಎಲ್ಲ ಅಕ್ಕಿಯ ಜೊತೆ ಬೆಂದು ಗದ್ದೆಗೆ ಬೀರುವ ಎಡೆಯಾಯಿತು. ನಾನು ಮೂಲೆಯಲ್ಲಿ ಕೂತು ಆ ದಿನದ ಇಂಕ್ಟೋಬರ್ ಚಿತ್ರ ಬರೆದೆ: ಒಲೆಯ ಬೆಳಕು, ಬಗ್ಗಿದ ಬೆನ್ನುಗಳು, ನೆರಳಿಗೆಲ್ಲ ಹ್ಯಾಚಿಂಗ್. ಮಸಿ ಆರಲು ಹೊಗೆಯ ಗೂಡಿನ ಬಳಿ ಇಟ್ಟೆ.

ಕೋಳಿ ಕೂಗುವ ಮುಂಚೆ ಹೊರಟೆವು. ಮನೆಯ ಯಜಮಾನರ ತಲೆಯ ಮೇಲೆ ದೊಡ್ಡ ಬುಟ್ಟಿ, ಮುಂದೊಬ್ಬರ ಕೈಯಲ್ಲಿ ದೊಂದಿ. ಆದರೆ ದೊಂದಿ ಬೇಕಿರಲಿಲ್ಲ. ಪಡುವಣಕ್ಕೆ ಇಳಿದಿದ್ದ ಚಂದ್ರನ ಬೆಳಕು ಗದ್ದೆಯ ಬದುಗಳನ್ನೆಲ್ಲ ತೋಡಿ ತೋರಿಸುತ್ತಿತ್ತು. ಬುಟ್ಟಿಯನ್ನು ನಾನು ನಾಲ್ಕಾರು ದಿನ ಹಗಲಿನಲ್ಲಿ, ದೀಪದಲ್ಲಿ, ಎಲ್ಲ ಕೋನಗಳಿಂದ ನೋಡಿ ಬರೆದುಕೊಂಡಿದ್ದೆ. ನೋಡಿದ್ದೇನೆ ಎಂದುಕೊಂಡಿದ್ದೆ. ಬೆಳದಿಂಗಳಿನಲ್ಲಿ ಕೆಮ್ಮಣ್ಣು ಕತ್ತಲೆಯ ಜೊತೆ ಕಲೆತುಹೋಯಿತು, ಬುಟ್ಟಿಯೇ ಇಲ್ಲವಾಯಿತು. ಉಳಿದದ್ದು ಎಳೆಗಳು ಮಾತ್ರ. ಮನುಷ್ಯನ ತಲೆಯ ಮೇಲೆ ಬರೀ ಬಿಳಿ ಗೆರೆಗಳ ಒಂದು ಜಾಲ ನಡೆದು ಹೋಗುತ್ತಿತ್ತು. ಹಿಂದೆ ಇನ್ನೊಂದು ಮನೆಯವರದು, ಆಚೆ ಬದುವಿನ ಮೇಲೆ ಮತ್ತೊಂದು. ದೂರದಲ್ಲಿ ದೊಂದಿಗಳು. ಒಂದು ಕ್ಷಣ ಕಾಲು ಕಿತ್ತಿಡಲು ಆಗಲಿಲ್ಲ. ಈ ಚಿತ್ರ ಬರೆದದ್ದು ಈ ಬೆಳಕಿಗೆ. ಜಗಲಿಯ ಬಿಸಿಲಿನಲ್ಲಿ ಅದನ್ನು ಮೆಚ್ಚಿ ತಲೆದೂಗಿದವನಿಗೆ ಅರ್ಧವಷ್ಟೇ ಕಂಡಿತ್ತು.

ಭತ್ತ ಹೊಡೆಯಲ್ಲಿತ್ತು, ಅಂದರೆ ಭೂಮಿ ಬಸುರಿ. ಈ ಹಬ್ಬ ಅವಳ ಬಯಕೆ ತೀರಿಸುವ ಸೀಮಂತ. ಒಂದು ಹಿಡಿ ಸಸಿಯನ್ನು ಕೂಡಿಸಿ ಕಟ್ಟಿ, ಹೂ ಮುಡಿಸಿ, ಮನೆಯ ತಾಳಿಸರವನ್ನೇ ತಂದು ತೊಡಿಸಿದರು. ಚಿಕ್ಕ ಬುಟ್ಟಿಯಿಂದ ಎಡೆಯನ್ನು ಮುಷ್ಟಿಮುಷ್ಟಿ ತೆಗೆದು, ಅಚ್ಚಂಬಲಿ ಹಾಲಂಬಲಿ ಎಂದು ಕೂಗುತ್ತ ಗದ್ದೆಯ ನಾಲ್ಕು ಮೂಲೆಗೂ ಬೀರಿದರು. ಕಾಗೆಗೊಂದು ಪಾಲು, ಇಲಿಗೊಂದು ಪಾಲು. ಪಕ್ಕದ ಗದ್ದೆಯಿಂದ ಅದೇ ಕೂಗು, ಅದರಾಚೆಯಿಂದ ಮತ್ತೆ. ಬೆಳಕು ಹರಿಯುವ ಹೊತ್ತಿಗೆ ಬಯಲಿಡೀ ಕೂಗು ತುಂಬಿತ್ತು. ಆಮೇಲೆ ಅಲ್ಲೇ ಬದುವಿನ ಮೇಲೆ ಕೂತು ಊಟ. ಅಷ್ಟು ಹೊತ್ತು ಕಾದು ಬರೆದ ಬುಟ್ಟಿ ಕೆಸರು ತಗುಲಿಸಿಕೊಂಡು ಪಕ್ಕದಲ್ಲಿ ಬಿದ್ದಿತ್ತು. ಯಾರಿಗೂ ಅದರ ಚಿಂತೆಯಿರಲಿಲ್ಲ. ಮುಂದಿನ ವರ್ಷ ಮತ್ತೆ ಕೆಮ್ಮಣ್ಣು ಬಳಿಯುತ್ತಾರೆ.

ಹೀಗೆ ಸೀಮಂತ ಮಾಡಿಸಿಕೊಳ್ಳುವ ಗದ್ದೆ ಬಹುಕಾಲ ಇವರದಾಗಿರಲಿಲ್ಲ ಎಂಬುದನ್ನು ಊಟದ ನಡುವೆ ಒಬ್ಬ ಹಿರಿಯರು ನೆನಪಿಸಿದರು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹಕ್ಕೆ ಇಳಿದ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಗಣಪತಿಯಪ್ಪನವರು ಮುಂದಾಳು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಹೊತ್ತಿಕೊಂಡದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ. ಕೊಳಗ ಎಷ್ಟು ಸೇರಿನದು ಎಂಬುದರ ಮೇಲೆ ಜೈಲಿಗೆ ಹೋದ ಜನರ ಮನೆಯಲ್ಲಿ ಅಳತೆಯ ಕಣ್ಣು ಚುರುಕಾಗಿರುವುದರಲ್ಲಿ ಸೋಜಿಗವೇನಿಲ್ಲ.

ಮರಳುವ ದಾರಿಯಲ್ಲಿ ಹೆಗ್ಗೋಡಿಗೆ ಹೋದೆ. ನೀನಾಸಂ ರಂಗಸಂಸ್ಥೆ ಇರುವ ಊರು, ಅಲ್ಲೇ ಭೀಮನಕೋಣೆಯಲ್ಲಿ ಚರಕ ಎಂಬ ಸಂಘದ ಕೈಮಗ್ಗ. ಅಲ್ಲಿನ ಬಟ್ಟೆಗಳಿಗೆ ಬಣ್ಣ ಕೊಡುವ ವಸ್ತುಗಳಲ್ಲಿ ಅಡಿಕೆಯ ಚೊಗರೂ ಒಂದು. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಆ ಕೆಂಗಂದು ರಸ ತೋಟದ ಮನೆಗಳಲ್ಲಿ ವರ್ಷವಿಡೀ ಇರುತ್ತದೆ. ಪರಿಚಯದ ಮನೆಯೊಂದರಲ್ಲಿ ಹೋದ ವರ್ಷದ ಚೊಗರನ್ನು ಒಂದು ಬಾಟಲಿ ತುಂಬಿ ಕೊಟ್ಟರು. ಗುಂಪಿನ ಮುಂದಿನ ವಾರದ ಪಾಠ ಕೈಯಲ್ಲೇ ಮಸಿ ಮಾಡುವುದಾಗಿತ್ತು. ಆ ವಿಡಿಯೊದಲ್ಲಿ ಓಕ್ ಮರದ ಗಂಟುಕಾಯಿ ಬೇಕೆಂದಿದ್ದರು. ಲಿಯೊನಾರ್ಡೊ ಬರೆದದ್ದೂ, ಬಾಖ್ ತನ್ನ ಸಂಗೀತ ಗೀಚಿದ್ದೂ ಆ ಕಾಯಿಯ ಒಗರಿಗೆ ಕಬ್ಬಿಣದ ಉಪ್ಪು ಬೆರೆಸಿದ ಮಸಿಯಲ್ಲಿ. ನಮ್ಮಲ್ಲಿ ಓಕ್ ಇಲ್ಲ, ಒಗರಿಗೆ ಬರವಿಲ್ಲ. ನಮ್ಮ ಹಿರಿಯರು ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಸೇರಿಸಿ ಮಸಿ ಮಾಡುತ್ತಿದ್ದರು. ಕಾಳಹಸ್ತಿಯ ಕಲಂಕಾರಿಯವರು ಇಂದಿಗೂ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಸಿ, ಅಳಲೆಯಲ್ಲಿ ಅದ್ದಿದ ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆಯುತ್ತಾರೆ. ಚೊಗರಿನಲ್ಲೂ ಒಗರಿಗೆ ಕೊರತೆಯಿಲ್ಲ.

ಮನೆಗೆ ಮರಳಿ ಮಾಡಿ ನೋಡಿದೆ. ಅನ್ನಭೇದಿಯ ಒಂದು ಚಿಟಿಕೆ ಬಿದ್ದೊಡನೆ ಚೊಗರಿನ ಕೆಂಪು ಹೋಗಿ ಹಸುರುಗಪ್ಪು ಬಂತು. ಅದರಲ್ಲಿ ನಿಬ್ಬು ಅದ್ದಿ ಗೆರೆ ಎಳೆದರೆ ಮಂಕು ಬೂದಿ. ಸುಮ್ಮನೆ ಕೂತೆ. ಗಾಳಿ ತಾಗುತ್ತ ತಾಗುತ್ತ ಗೆರೆ ತಾನಾಗಿಯೇ ಕಪ್ಪಾಯಿತು. ಮರುದಿನ ಬೆಳಿಗ್ಗೆ ಇನ್ನಷ್ಟು ಕಪ್ಪು. ಅಕ್ಕಿಯ ಬಿಳಿ ನೀರು ಹೋದಂತೆ ಏಳುತ್ತದೆ, ಕಬ್ಬಿಣದ ಕಪ್ಪು ಗಾಳಿ ಕುಡಿದಂತೆ ಏಳುತ್ತದೆ. ಎರಡರಲ್ಲೂ ಬರೆಯುವವರು ಇನ್ನೂ ಕಾಣದ ಚಿತ್ರವನ್ನೇ ನಂಬಿ ಕೈ ಓಡಿಸಬೇಕು. ಈಗ ನನ್ನ ಮೇಜಿನ ಮೇಲೆ ಕೆಮ್ಮಣ್ಣಿನ ಬಣ್ಣದ ಕಾಗದ, ಬಿಳಿ ಮಸಿ, ಚೊಗರಿನ ಕಪ್ಪು ಇವೆ. ಗುಂಪಿನಲ್ಲಿ ನಾನು ಹಾಕಿದ ಪಾಠದ ವಿಡಿಯೊ ಬಹಳ ಉದ್ದವಾಯಿತೆಂದು ದೂರು ಬಂದಿದೆ. ಒಣಗುವ ಹೊತ್ತನ್ನು ನಾನು ಕತ್ತರಿಸಿಲ್ಲ, ಕತ್ತರಿಸುವುದೂ ಇಲ್ಲ.

ಮುಂದಿನ ಅಕ್ಟೋಬರಿನಲ್ಲಿ ನೀವೂ ಪೆನ್ನು ಹಿಡಿಯುವವರಾದರೆ ಪಂಚಾಂಗ ತೆಗೆದು ಭೂಮಿ ಹುಣ್ಣಿಮೆ ಯಾವತ್ತೆಂದು ನೋಡಿಕೊಳ್ಳಿ. ಮಹಾನವಮಿ ಮುಗಿಸಿ ಸಾಗರ, ಸೊರಬ, ಹೊಸನಗರದ ಕಡೆ ಹೋಗಿ. ಹಬ್ಬದ ದಿನ ಮಾತ್ರ ಹೋದರೆ ಬುಟ್ಟಿ ಸಿಗುತ್ತದೆ, ಕೈ ಸಿಗುವುದಿಲ್ಲ. ಪರಿಚಯದವರ ಮೂಲಕ ಹೋಗಿ, ಕ್ಯಾಮೆರಾ ತೆಗೆಯುವ ಮೊದಲು ಕೇಳಿ, ಗದ್ದೆಯ ಪೂಜೆಯ ಹೊತ್ತಿಗೆ ಅದನ್ನು ಚೀಲದಲ್ಲೇ ಇಡಿ. ಚಿತ್ತಾರ ಬರೆದು ಮಾರುವ ಹೆಣ್ಣುಮಕ್ಕಳು ಅಲ್ಲಿ ಈಗ ಅನೇಕರಿದ್ದಾರೆ. ಕೊಳ್ಳುವುದಾದರೆ ಅವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.